ಗಂಟೆಬಂಡೆಗೆ ಉಪ್ಪು

ಜೂನ್ 9, 2024, ಭಾನುವಾರ. ಚನ್ನಗಿರಿ

ಶಾಲೆ ಶುರುವಾದ ಮೇಲೆ ಬರೆಯುವುದಕ್ಕೆ ಸಿಗುವುದು ಭಾನುವಾರ ಒಂದೇ. ಅದರಲ್ಲೂ ಅರ್ಧ ದಿನ ಹೆಂಡತಿ ಸುನೀತಾಳ ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರಿಗೆ ಹೋಗುತ್ತದೆ. ಉಳಿದ ಅರ್ಧ ದಿನ ನಾನು ಕಾದಂಬರಿಕಾರ.

ಕಾದಂಬರಿ ನಡುವೆ ನಿಂತುಬಿಟ್ಟಿದೆ. ಬೋರಕ್ಕ ದನ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತಿದ್ದಾಳೆ, ದನ ಹೊಡೆದುಕೊಂಡು ಹೋಗಲು ಬಂದ ಸೈನ್ಯ ಎದುರಿಗಿದೆ. ಮುಂದೇನು ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವ್ವನ ತವರು ಬಂಡೆಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದೇವರಿಗೆ ಬಿಟ್ಟ ದನಗಳನ್ನು ಕಾಯುವ ಕಿಲಾರಿಯ ತಂಗಿ ಬೋರಕ್ಕ. ಅಣ್ಣ ಊರಲ್ಲಿಲ್ಲದ ಹೊತ್ತಲ್ಲಿ ಸೈನ್ಯ ಬಂತು. ಅವಳು ಊರ ಹಿಂದಿನ ಗಂಟೆಬಂಡೆಗೆ ಕೈಮುಗಿದಳು, ಬಂಡೆ ಬಾಯಿಬಿಟ್ಟಿತು, ದನಗಳನ್ನು ಕರೆದುಕೊಂಡು ಒಳಗೆ ಹೋದಳು. ಈಗಲೂ ಒಳಗೆ ದನ ಕಾಯುತ್ತಿದ್ದಾಳೆ. ಸಂಜೆ ಬಂಡೆಗೆ ಕಿವಿಗೊಟ್ಟರೆ ಕೊರಳಗಂಟೆ ಕೇಳುತ್ತದಂತೆ. ನಾನೂ ಕಿವಿಗೊಟ್ಟಿದ್ದೇನೆ. ಕೇಳಿದ್ದು ಪಂಪ್‌ಸೆಟ್ಟಿನ ಸದ್ದು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನು ನಾನಲ್ಲ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದೇನೆ. ಹಾಗಂತ ಬಂಡೆ ಬಾಯಿ ಬಿಡುವುದನ್ನೇ ಕೈಬಿಟ್ಟರೆ ಕಾದಂಬರಿ ಹೋಗಿ ಎಂಟನೇ ಕ್ಲಾಸಿನ ನೋಟ್ಸ್ ಆಗುತ್ತದೆ. ಇತಿಹಾಸಕ್ಕೂ ಐತಿಹ್ಯಕ್ಕೂ ತಕ್ಕಡಿ ಸರಿತೂಗಬೇಕು. ಸದ್ಯಕ್ಕೆ ಇತಿಹಾಸದ ತಟ್ಟೆಯಲ್ಲಿ ಇರುವುದು ಒಂದೇ ವಸ್ತು: ಬಂಡೆಹಟ್ಟಿಯ ದೇವರ ದನದ ರೊಪ್ಪದ ಬಾಗಿಲಿಗೆ ಒರಗಿಸಿದ ವೀರಗಲ್ಲು. ಅದರಲ್ಲಿ ದನಗಳಿವೆ, ಬಾಣ ಬಿಡುವವರಿದ್ದಾರೆ, ತುರುಬು ಕಟ್ಟಿದ ಒಂದು ಆಕೃತಿ ಇದೆ. ಕೆಳಗೆ ಸವೆದ ಅಕ್ಷರ. ಆ ಅಕ್ಷರ ಓದಿಸಬೇಕು.

ಜುಲೈ 5, ಶುಕ್ರವಾರ, ಅಮಾವಾಸ್ಯೆ. ಬಂಡೆಹಟ್ಟಿ

ರಜೆ ಹಾಕಿ ಬೆಳಗಿನ ಬಸ್ಸಿಗೆ ಹೊರಟೆ. ಸಂತೇಬೆನ್ನೂರು, ದಾವಣಗೆರೆ, ಜಗಳೂರು, ಅಲ್ಲಿಂದ ಕೆಂಚೇಶನ ಬೈಕು. ಕೆಂಚೇಶ ದೊಡ್ಡವ್ವನ ಮಗ, ನನಗಿಂತ ಚಿಕ್ಕವನು. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ.

ದೊಡ್ಡವ್ವ ಗಾದ್ರಮ್ಮ ಅವ್ವನ ಅಕ್ಕ. ಬೋರಕ್ಕನ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಬಲ್ಲವರು ಊರಿನಲ್ಲಿ ಈಗ ಅವಳೊಬ್ಬಳೇ. ದೀಪಾವಳಿ ಪಾಡ್ಯದ ಸಂಜೆ ರೊಪ್ಪದ ಮುಂದೆ ಅವಳು ಹೇಳಬೇಕು, ಊರು ಕೇಳಬೇಕು, ಅದು ಪದ್ಧತಿ. ನಾನು ಮೊಬೈಲ್ ಆನ್ ಮಾಡಿ ಎದುರಿಗೆ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಹೂಂ ಅನ್ನೋರು ಬೇಕಲ್ಲಪ್ಪಾ. ಹೂಂ ಅನ್ನೋರು ಇಲ್ದೆ ಕತೆ ಹೇಳಿದ್ರೆ ಕತ್ಲಾಗೆ ದಾರಿ ನಡದಂಗೆ."

"ನನ್ನ ದನಿ ಸೇರಿದ್ರೆ ರೆಕಾರ್ಡಿಂಗ್ ಕೆಡ್ತತೆ ದೊಡ್ಡವ್ವಾ. ನೀನು ಹೇಳು."

ಶುರು ಮಾಡಿದಳು. ಹೇಳುವಾಗ ಕೈಯೆಲ್ಲ ಕಥೆಯೇ. ಸೈನಿಕರು ಹತ್ತಿರ ಬಂದಾಗ ಬೋರಕ್ಕ ಮಡಿಲಿನಿಂದ ಮೆಣಸಿನಪುಡಿ ತೆಗೆದು ಅವರ ಕಣ್ಣಿಗೆ ಎರಚಿದಳು ಎಂದಳು. ನನಗೆ ತಡೆಯಲಾಗಲಿಲ್ಲ.

"ಆಗಿನ ಕಾಲಕ್ಕೆ ಮೆಣಸಿನಕಾಯಿ ಇರ್ಲಿಲ್ಲ ದೊಡ್ಡವ್ವ. ಅದು ಆಮೇಲೆ ಹಡಗಿನಲ್ಲಿ ಬಂದಿದ್ದು."

"ಮತ್ತೆ ಖಾರಕ್ಕೆ ಏನು ಹಾಕ್ತಿದ್ರು?"

"ಕರಿಮೆಣಸು."

"ಎರಚಾಕೆ ಅದೂ ಆಗ್ತತೆ ಬಿಡು," ಎಂದು ನಕ್ಕಳು. ಆಮೇಲೆ ಸೈನ್ಯ ಯಾವ ರಾಜನದು ಎಂದು ಕೇಳಿದೆ, ಗೊತ್ತಿಲ್ಲ ಎಂದಳು. ಯಾವ ಕಾಲ ಎಂದು ಕೇಳಿದೆ. "ನಮ್ಮಜ್ಜಿ ಹುಟ್ಟಕಿಂತ ಮುಂಚೆ" ಎಂದಳು. ಕಥೆ ಮುಗಿಯಿತು ಎಂದು ಹೇಳುವ ಹಾಗಿಲ್ಲ. ಕೊನೆಗೆ "ಬಂಡೆ ಇನ್ನೂ ಓರೆ ಐತೆ" ಎನ್ನುತ್ತಾಳೆ, ಅಂದರೆ ಪೂರ್ತಿ ಮುಚ್ಚಿಲ್ಲ. ಕೇಳಿದವರು "ಹೂಂ, ಐತೆ" ಎನ್ನಬೇಕು. ನಾನು ರೆಕಾರ್ಡಿಂಗ್ ನಿಲ್ಲಿಸುವ ಗಡಿಬಿಡಿಯಲ್ಲಿದ್ದೆ. ಒಳಗಿನಿಂದ ಸೊಸೆ ಚೈತ್ರಶ್ರೀ ರೊಟ್ಟಿ ತಟ್ಟುತ್ತಲೇ "ಹೂಂ, ಐತೆ" ಎಂದಳು.

ಸಂಜೆ ದೊಡ್ಡವ್ವನ ಜೊತೆ ಬಂಡೆಗೆ ಹೋದೆ. ಅಮಾವಾಸ್ಯೆ ಅಮಾವಾಸ್ಯೆಗೆ ಅಲ್ಲಿಯ ಬಿರುಕಿನ ಹತ್ತಿರ ಒಂದು ಹಿಡಿ ಹರಳುಪ್ಪು, ಒಂದು ಚೂರು ಬೆಲ್ಲ ಇಟ್ಟು ಬರುತ್ತಾಳೆ. ಉಪ್ಪು ದನಗಳಿಗೆ ನೆಕ್ಕಲು. ಬೆಲ್ಲ ಯಾರಿಗೆ ಎಂದೆ. "ಒಳಗಿರೋರಿಗೆ" ಎಂದಳು. ಬೆಲ್ಲ ಬೋರಕ್ಕನಿಗೆ ಎಂದು ಬರೆದುಕೊಂಡೆ. ಕಾದಂಬರಿಯಲ್ಲಿ ಚೆನ್ನಾಗಿ ಬರುತ್ತದೆ.

ಜುಲೈ 21, ಭಾನುವಾರ

ಹೊನ್ನಾಳಿಗೆ ಹೋಗಿ ಬಂದೆ. ಮಹೇಶ್ವರಪ್ಪ ಮೇಷ್ಟ್ರು ನಿವೃತ್ತ ಲೆಕ್ಚರರು, ಹಳೆಗಲ್ಲು ಓದುವುದೇ ಅವರ ಕಸುಬು. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನೋಡಲು ನಿಲ್ಲಲಿಲ್ಲ, ನನ್ನ ತಲೆಯೆಲ್ಲ ಕಲ್ಲಿನಲ್ಲಿತ್ತು.

ನಾನು ತೆಗೆದಿದ್ದ ವೀರಗಲ್ಲಿನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದರು. ತುರುಗೊಳ್, ಅಂದರೆ ದನ ಸೆಳೆಯಲು ಬಂದವರ ಜೊತೆ ಕಾದಾಟ. ಅದರಲ್ಲಿ ಕಾದಿ ಸತ್ತವರ ಕಲ್ಲು. ಎಂಟುನೂರು ವರ್ಷ ಹಳೆಯದಿರಬಹುದು. ಹೆಸರು ಸವೆದಿದೆ.

"ಆ ತುರುಬು ನೋಡ್ರಿ ಸಾರ್. ಹೆಣ್ಣಲ್ವಾ?" ಎಂದೆ.

"ತುರುಬು ಗಂಡಸರೂ ಕಟ್ಟತಿದ್ರು. ಹೆಣ್ಣು ಅಂತ ನಾನಂತೂ ಹೇಳಲ್ರೀ. ಈ ಕಲ್ಲು ಮೊದ್ಲಿಂದ ಅಲ್ಲೇ ಐತಾ, ಅದನ್ನ ಊರಾಗೆ ವಿಚಾರಿಸಿದ್ರಾ?"

"ರೊಪ್ಪದ ಬಾಗಿಲಲ್ಲೇ ಐತೆ ಸಾರ್. ದನದ ಕಥೆ, ದನದ ರೊಪ್ಪ, ದನದ ಕಲ್ಲು. ಇನ್ನೇನು ಬೇಕು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೊಟ್ಟೆಕಿಚ್ಚೇನೋ. ಜೀವಮಾನವೆಲ್ಲ ಕಲ್ಲು ಓದಿದವರಿಗೆ ಕಥೆ ಒಲಿಯಲಿಲ್ಲ, ನನಗೆ ಒಲಿದಿದೆ.

ಬರುವಾಗ ಬಸ್ಸಿನಲ್ಲೇ ಹೊಳೆಯಿತು. ಬಂಡೆ ಬಾಯಿ ಬಿಡಲಿ, ಅದು ಐತಿಹ್ಯದ ಪಾಲು. ದನಗಳು ಒಳಗೆ ಹೋಗಲಿ. ಆದರೆ ಬೋರಕ್ಕ ಹೊಸ್ತಿಲಲ್ಲಿ ಕಾಲಿಟ್ಟಾಗ ಬೆನ್ನಿಗೆ ಬಾಣ ನಾಟಬೇಕು, ಅಲ್ಲೇ ಸಾಯಬೇಕು, ಅದು ಇತಿಹಾಸದ ಪಾಲು. ತಕ್ಕಡಿ ಕೂದಲೆಳೆಯಷ್ಟೂ ವಾಲುವುದಿಲ್ಲ! ಸೀಟಿನಲ್ಲಿ ಕೂತು ನಗುತ್ತಿದ್ದೆನೋ ಏನೋ, ಪಕ್ಕದವರು ಸರಿದು ಕೂತರು.

ಆಗಸ್ಟ್ 4, ಭಾನುವಾರ

ಬೋರಕ್ಕನ ಸಾವು ಬರೆದು ಮುಗಿಸಿದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ಸುನೀತಾ ಓದಿ ಹಾಳೆ ಕೆಳಗಿಟ್ಟು, "ಸಾಯಿಸಲೇಬೇಕಿತ್ತಾ?" ಎಂದಳು. ಕಲ್ಲಿನ ಸಾಕ್ಷಿ ಎಂದೆ. "ಸಾಕ್ಷಿ ಇದ್ರೆ ಸರಿ" ಎಂದು ಭೀಮನ ಅಮಾವಾಸ್ಯೆಯ ಅಡುಗೆಗೆ ಹೋದಳು. ಹೆಂಗಸರಿಗೆ ಕಥೆಯಲ್ಲಿ ಯಾರೂ ಸಾಯಬಾರದು.

ಸೆಪ್ಟೆಂಬರ್ 15, ಭಾನುವಾರ. ಬಂಡೆಹಟ್ಟಿ

ದೊಡ್ಡವ್ವನಿಗೆ ಆ ಅಧ್ಯಾಯ ಓದಿ ಹೇಳಿದೆ. ಅವಳದೇ ಕಥೆ, ಅವಳಿಗೇ ಮೊದಲು ಕೇಳಿಸಬೇಕು ಎಂಬ ಆಸೆ. ಅವಳು ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಓದುತ್ತಾ ಹೋದಂತೆ ಪ್ರತಿ ಸಾಲಿಗೂ "ಹೂಂ, ಹೂಂ" ಎನ್ನುತ್ತಿದ್ದಳು. ಬಾಣ ಬಿದ್ದ ಸಾಲಿಗೆ ಹೂಂ ಅನ್ನಲಿಲ್ಲ. ಸುಲಿಯುತ್ತಿದ್ದ ಕೈಯೂ ನಿಂತಿತು.

"ಸತ್ತಳಾ?"

"ಹೂಂ ದೊಡ್ಡವ್ವ."

"ಒಳಕ್ಕೆ ಹೋಗ್ಲೇ ಇಲ್ಲಾ?"

"ಹೊಸ್ತಿಲ ಮೇಲೇ ಬಿದ್ಲು."

"ಇದು ನೀನು ಮಾಡಿದ್ದಾ, ಇಲ್ಲಾ ಹಂಗೇ ಆಗಿದ್ದಾ?"

"ಕಲ್ಲಲ್ಲಿ ಬರೆದೈತೆ ದೊಡ್ಡವ್ವ. ಓದಿದೋರು ಓದಿ ಹೇಳಿದಾರೆ." ಯಾವ ಕಲ್ಲು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಕಲ್ಲಲ್ಲಿ ಬರೆದಿದ್ರೆ ಸುಳ್ಳಿರಲ್ಲ ಬಿಡು." ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ ಕೇಳಿದಳು: "ಮತ್ತೆ ಒಳಗಿರೋರನ್ನ ನೋಡ್ಕಳೋರು ಯಾರು?"

ಎಂಥಾ ಪ್ರಶ್ನೆ! ಅಲ್ಲೇ ಬರೆದುಕೊಂಡೆ. ಅಧ್ಯಾಯದ ಕೊನೆಯ ಸಾಲು ಅದೇ ಆಗುತ್ತದೆ. ಅವಳಿಗೆ ಹಾಗೆಂದು ಹೇಳಿದೆ, ನಿನ್ನ ಮಾತು ಪುಸ್ತಕದಲ್ಲಿ ಬರುತ್ತೆ ಎಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ವಯಸ್ಸಾಯಿತು, ಬೇಗ ಸುಸ್ತಾಗುತ್ತಾಳೆ.

ಅಕ್ಟೋಬರ್ 6, ಭಾನುವಾರ

ದಾವಣಗೆರೆಯ ಪ್ರಕಾಶಕರು ಒಪ್ಪಿದರು! ಅಧ್ಯಾಯದ ಕೊನೆಯ ಸಾಲು ಓದಿ ಕಣ್ಣು ತುಂಬಿತು ಎಂದರು. ಯುಗಾದಿಗೆ ಪುಸ್ತಕ.

ಕೆಂಚೇಶನಿಗೆ ಹೇಳಲು ಫೋನ್ ಮಾಡಿದೆ. ಮಾತಿನ ನಡುವೆ, ಅವ್ವ ಈ ಸಲ ಮಾಲಯ ಅಮಾಸೆಗೆ ಬಂಡೆ ಕಡೆ ಹೋಗಲಿಲ್ಲ ಎಂದ. ಮೊಣಕಾಲು ನೋವು ಇರಬೇಕು, ಎಣ್ಣೆ ತಿಕ್ಕಿ ಎಂದು ಹೇಳಿದೆ.

ನವೆಂಬರ್ 3, ಭಾನುವಾರ. ಚನ್ನಗಿರಿ

ನಿನ್ನೆ ಬರೆಯಲಾಗಲಿಲ್ಲ. ಇವತ್ತೂ ಕೈ ಬರುತ್ತಿಲ್ಲ. ಆದರೂ ಬರೆದಿಡುತ್ತೇನೆ.

ನಿನ್ನೆ ಬಂಡೆಹಟ್ಟಿಯಲ್ಲಿ ಪಾಡ್ಯ. ದೇವರ ಎತ್ತುಗಳಿಗೆ ಮೈತೊಳೆದು ಹೂ ಕಟ್ಟಿ ರೊಪ್ಪಕ್ಕೆ ಬಿಟ್ಟಿದ್ದರು. ಊರೆಲ್ಲ ಸೇರಿತ್ತು. ದೊಡ್ಡವ್ವ ಕಂಬಳಿ ಮೇಲೆ ಕೂತು ಕಥೆ ಶುರು ಮಾಡಿದಳು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಬೋರಕ್ಕ ಸೈನಿಕರ ಕಣ್ಣಿಗೆ ಮಣ್ಣು ಎರಚಿದಳು ಎಂದಳು. "ಮೆಣಸಿನಪುಡಿ ಅಲ್ವೇನಬೇ?" ಎಂದು ಯಾರೋ ಹಿಂದಿನಿಂದ ಕೇಳಿದರು. "ಆವಾಗ ಮೆಣಸಿನಕಾಯಿ ಇರ್ಲಿಲ್ಲವಂತೆ. ನಮ್ಮ ಯಂಕಟೇಶ ಓದ್ಯಾನೆ," ಎಂದಳು. ಜನ ನನ್ನ ಕಡೆ ತಿರುಗಿದರು. ಸುಳ್ಳೇಕೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯೇ ಆಯಿತು.

ಮುಂದೆ ಅವಳ ಕೈಗಳು ಮಡಿಲಿನಿಂದ ಏಳಲಿಲ್ಲ. ನ್ಯಾಯ ಹೇಳುವವರ ಹಾಗೆ ಒಂದೊಂದೇ ಮಾತು ಇಟ್ಟುಕೊಂಡು ಹೋದಳು. ಬಂಡೆ ಬಾಯಿಬಿಟ್ಟಿತು. ದನ ಹೋದವು. ಹೊಸ್ತಿಲಲ್ಲಿ ಬೋರಕ್ಕನ ಬೆನ್ನಿಗೆ ಬಾಣ ಬಿತ್ತು. ಸತ್ತಳು. ಕಲ್ಲಲ್ಲಿ ಬರೆದೈತೆ. ಮುಗೀತು.

ಯಾರೂ ಹೂಂ ಅನ್ನಲಿಲ್ಲ. ಹೂಂ ಅನ್ನುವ ಸಾಲನ್ನೇ ಅವಳು ಹೇಳಿರಲಿಲ್ಲ. ಜನಕ್ಕೆ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ. ಆ ಒಂದು ಇರುಳು ರೊಪ್ಪದ ಬಾಗಿಲನ್ನು ಓರೆ ಬಿಡುವುದು ಪದ್ಧತಿ, ಬೋರಕ್ಕ ತನ್ನ ದನದ ಜೊತೆ ಬಂದು ಹೋಗಲಿ ಎಂದು. ಕಿಲಾರಿ ದೊಡ್ಡಣ್ಣ ಬಾಗಿಲ ಹತ್ತಿರ ನಿಂತು ದೊಡ್ಡವ್ವನ ಮುಖ ನೋಡಿದ. "ಹಾಕ್ಕಳಪ್ಪ, ಇನ್ನು ಯಾರು ಬರ್ತಾರೆ," ಎಂದಳು. ಅವನು ಅಗುಳಿ ಹಾಕಿದ. ಆ ಸದ್ದು ಇಲ್ಲಿಯವರೆಗೂ ನನ್ನ ಹಿಂದೆ ಬಂದಿದೆ.

ಕೆಂಚೇಶ ನನ್ನನ್ನು ಟ್ರ್ಯಾಕ್ಟರಿನ ಹತ್ತಿರ ಕರೆದುಕೊಂಡು ಹೋದ.

"ಏನು ಮಾಡಿದ್ಯಣ್ಣಾ ನೀನು? ಅವ್ವ ಎರಡು ಅಮಾಸೆಯಿಂದ ಬೆಲ್ಲ ಇಟ್ಟಿಲ್ಲ."

"ಬೋರಕ್ಕನಿಗೆ ಇಡೋ ಬೆಲ್ಲ ತಾನೇ..."

"ಬೋರಕ್ಕಂಗಲ್ಲ! ನಮ್ಮ ಲಕ್ಷ್ಮೀದೇವಿಗೆ."

ಲಕ್ಷ್ಮೀದೇವಿ ದೊಡ್ಡವ್ವನ ಮೊದಲ ಮಗಳು. ಏಳು ವರ್ಷದವಳಿದ್ದಾಗ ಅದೇ ಬಂಡೆಯ ಹತ್ತಿರ ಕರು ಮೇಯಿಸುವಾಗ ಹಾವು ಕಚ್ಚಿ ಹೋದಳು. ನಾನಾಗ ಇನ್ನೂ ಹುಟ್ಟಿರಲಿಲ್ಲ. ಫೋಟೋ ಕೂಡ ಇಲ್ಲದ ಆ ಹುಡುಗಿಯ ಹೆಸರು ಗೊತ್ತಿತ್ತು, ಅಷ್ಟೇ. ಹುಡುಗಿ ಸತ್ತ ದಿನ ದೊಡ್ಡವ್ವನ ಅಜ್ಜಿ ಅವಳನ್ನು ಬಂಡೆಯ ಹತ್ತಿರ ಕೂರಿಸಿ ಬೋರಕ್ಕನ ಕಥೆ ಹೇಳಿದರಂತೆ. ಕೊನೆಗೆ, ಒಳಗೆ ಕರು ಕಾಯಾಕೆ ಒಬ್ಬಳು ಬೇಕಿತ್ತು, ಬೋರಕ್ಕ ಕರಕೊಂಡಳು, ಅಳಬೇಡ, ನೋಡ್ಕಳ್ತಾಳೆ ಎಂದರಂತೆ. ಅವತ್ತಿನಿಂದ ಐವತ್ತು ವರ್ಷ ದೊಡ್ಡವ್ವ ಬದುಕಿದ್ದು ಆ ಮಾತಿನ ಮೇಲೆ.

ಒಳಗಿರೋರನ್ನ ನೋಡ್ಕಳೋರು ಯಾರು? ಅವಳು ಕೇಳಿದ್ದು ಅದು. ನಾನು ಅದನ್ನು ಅಧ್ಯಾಯದ ಕೊನೆಯ ಸಾಲು ಮಾಡಿಕೊಂಡೆ. ಪ್ರಕಾಶಕರ ಕಣ್ಣು ತುಂಬಿತು.

ನಾಚಿಕೆಯಿಂದ, ಹೋಗಲಿ ಸಾಕ್ಷಿಯಾದರೂ ಇದೆಯಲ್ಲ ಎನ್ನುವ ಹಾಗೆ, ರೊಪ್ಪದ ಬಾಗಿಲಿನ ವೀರಗಲ್ಲು ತೋರಿಸಿದೆ. "ನಾನು ಕಟ್ಟಿ ಹೇಳಿದ್ದಲ್ಲ ಕಣೋ. ಅದರಲ್ಲೇ ಐತೆ."

ಕೆಂಚೇಶ ಕಲ್ಲು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಇದರಾಗಾ? ಇದನ್ನ ನಾನೇ ತಂದಿದ್ದಲ್ಲಣ್ಣಾ. ಆಚೆ ಊರಿನ ಕೆರೆ ಹೂಳು ಎತ್ತುವಾಗ ಸಿಕ್ತು. ಬಾಗಿಲು ಒರಗಾಕೆ ಗಟ್ಟಿ ಐತೆ ಅಂತ ಟ್ರ್ಯಾಕ್ಟರಿನಾಗೆ ಹಾಕ್ಕೊಂಡು ಬಂದೆ. ಹತ್ತು ವರ್ಷ ಆಗಿರಬೇಕು."

"ಹೇಳಲೇ ಇಲ್ವಲ್ಲೋ!"

"ನೀನು ಎಲ್ಲಿ ಕೇಳ್ದೆ?"

ನವೆಂಬರ್ 5, ಮಂಗಳವಾರ

ಮಹೇಶ್ವರಪ್ಪ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಬೈಯಲಿ ಎಂದು ಕಾದೆ. "ಪಾಪ, ಆ ಕಲ್ಲಿಗೂ ಅದರ ಊರು ತಪ್ಪೋತು," ಎಂದರು, ಅಷ್ಟೇ.

ನವೆಂಬರ್ 17, ಭಾನುವಾರ

ಪುಸ್ತಕದಲ್ಲಿ ಬೋರಕ್ಕನನ್ನು ಬದುಕಿಸಿದೆ. ಎಷ್ಟು ಸುಲಭ. ಬಾಣದ ಪ್ಯಾರಾ ಅಳಿಸಿದೆ, ಒಳಗೆ ಕಳಿಸಿದೆ. ಕೈಗೆ ಮೆಣಸಿನಪುಡಿಯನ್ನೂ ಕೊಟ್ಟೆ. ಓದುಗರು ಬೇಕಾದರೆ ನಗಲಿ. ಕೊನೆಯ ಸಾಲನ್ನೂ ತೆಗೆದೆ. ಪ್ರಕಾಶಕರು ಆ ಸಾಲಿಲ್ಲದೆ ಅಧ್ಯಾಯ ಸಪ್ಪೆ ಎಂದರು. ಸಪ್ಪೆ ಇರಲಿ ಎಂದೆ.

ಸುನೀತಾ ಹೊಸದನ್ನು ಓದುತ್ತಿದ್ದಳು. ಓದುತ್ತಾ ಓದುತ್ತಾ ತನಗೇ ಗೊತ್ತಿಲ್ಲದೆ "ಹೂಂ" ಎಂದಳು. ನಾನು ಎದ್ದು ಹಿತ್ತಲಿಗೆ ಹೋದೆ.

ನವೆಂಬರ್ 28, ಗುರುವಾರ

ದೊಡ್ಡವ್ವನಿಗೆ ಫೋನಿನಲ್ಲಿ ಹೇಳಲು ನೋಡಿದೆ. "ದೊಡ್ಡವ್ವ, ತಪ್ಪಾಯ್ತು, ಆ ಕಲ್ಲು ಬೇರೆಯವರದ್ದು" ಎಂದೆ. "ಆತು ಬಿಡಪ್ಪ, ಊಟ ಆತಾ?" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತೇನೆ.

ಡಿಸೆಂಬರ್ 1, ಭಾನುವಾರ, ಅಮಾವಾಸ್ಯೆ. ಬಂಡೆಹಟ್ಟಿ

ಜಗಳೂರಿನಲ್ಲಿ ಬಸ್ಸಿಳಿದು ಹರಳುಪ್ಪು, ಅಚ್ಚುಬೆಲ್ಲ ತೆಗೆದುಕೊಂಡೆ.

ದೊಡ್ಡವ್ವ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದಳು. ನಾನು ಕೆಳಗೆ ಕೂತೆ. ಮೊದಲು ಮೊಬೈಲಿನಲ್ಲಿ ಅವಳ ಕಥೆಯನ್ನೇ ಹಾಕಿದೆ. ಅವಳ ದನಿ ಬಂತು, ಏರುತ್ತಾ ಇಳಿಯುತ್ತಾ. ನಡುನಡುವೆ ನನ್ನ ದನಿ: ಮೆಣಸಿನಕಾಯಿ ಇರ್ಲಿಲ್ಲ, ಯಾವ ರಾಜ, ಯಾವ ಕಾಲ. ನನ್ನ ದನಿ ಸೇರಿದರೆ ಕೆಡುತ್ತದೆ ಎಂದಿದ್ದೆ. ನಿಜವೇ ಹೇಳಿದ್ದೆ. ಕೊನೆಗೆ "ಬಂಡೆ ಇನ್ನೂ ಓರೆ ಐತೆ" ಎಂದಳು. ದೂರದಿಂದ ಚೈತ್ರಶ್ರೀಯ "ಹೂಂ, ಐತೆ".

ದೊಡ್ಡವ್ವ ಪೂರ್ತಿ ಕೇಳಿದಳು.

"ನಾನೇ ಅಲ್ವಾ? ಆವಾಗ ನಂಗೆ ಗೊತ್ತಿರ್ಲಿಲ್ಲ ನೋಡು."

"ಗೊತ್ತಿದ್ದದ್ದೇ ಸರಿ ದೊಡ್ಡವ್ವ! ಕಲ್ಲು ಆಚೆ ಊರಿನ ಕೆರೆದು. ಕೆಂಚೇಶನ್ನ ಕೇಳು. ಬೋರಕ್ಕ ಸತ್ತಿಲ್ಲ. ನಾನು ಪುಸ್ತಕದಲ್ಲೂ ತಿದ್ದಿದ್ದೀನಿ, ಒಳಗೆ ಹೋದಳು ಅಂತ."

"ನೀನೇ ತಿದ್ದಿದ್ಯಾ?"

"ಹೂಂ."

"ಸಾಯ್ಸಿದ್ದೂ ನೀನೇ, ಬದುಕ್ಸಿದ್ದೂ ನೀನೇ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯುತ್ತಿದ್ದೆ. "ಕತೆ ಅಂದ್ರೆ ಹಂಗೆ ಅಲ್ವೇನಪ್ಪಾ. ಹೇಳೋರು ಹೆಂಗೆ ತಿರುಗ್ಸಿದ್ರೆ ಹಂಗೆ ತಿರುಗ್ತತೆ. ನಾನೇ ಹುಚ್ಚಿ, ಇಷ್ಟು ವರ್ಷ..."

ಮುಂದಿನದು ಹೇಳಲಿಲ್ಲ. ನಾನು ಹೂಂ ಎಂದೆ, ಹೇಳಲಿ ಎಂದು. ಮತ್ತೊಂದು ಸಲ ಹೂಂ ಎಂದೆ. ಅವಳು ಹೇಳಲಿಲ್ಲ.

ಚೀಲದಿಂದ ಪೊಟ್ಟಣ ತೆಗೆದು ಅವಳ ಮುಂದಿಟ್ಟೆ. "ಅಮಾವಾಸ್ಯೆ ದೊಡ್ಡವ್ವ. ಬಂಡೆ ಹತ್ರ ಹೋಗಿ ಬರೋಣ ನಡಿ."

ಅವಳು ಉಪ್ಪಿನ ಪೊಟ್ಟಣವನ್ನು ಬಿಚ್ಚಿ ನೋಡಿ ಒಳಗೆ ಕೂಗಿದಳು. "ಚೈತ್ರಾ, ಹರಳುಪ್ಪು ತಂದಾನೆ ನೋಡು, ಉಪ್ಪಿನಕಾಯಿಗೆ ಆಗ್ತತೆ." ಆಮೇಲೆ ಬೆಲ್ಲದ ಅಚ್ಚು ತೆಗೆದುಕೊಂಡು ಜಗಲಿಯ ಅಂಚಿಗೆ ಕುಟ್ಟಿದಳು. ಒಡೆದ ಚೂರುಗಳಲ್ಲಿ ಒಂದನ್ನು ಆರಿಸಿದಳು, ಮಕ್ಕಳ ಬಾಯಿಗೆ ಹಿಡಿಸುವಷ್ಟು ಚಿಕ್ಕದು. ಒಂದು ಗಳಿಗೆ ಅದು ಅವಳ ಅಂಗೈಯಲ್ಲೇ ಇತ್ತು. ಬಂಡೆಯ ಕಡೆ ನೋಡುತ್ತಾಳೆ ಅಂದುಕೊಂಡೆ. ನೋಡಲಿಲ್ಲ.

ನನ್ನ ಕೈ ಹಿಡಿದು ಅದರಲ್ಲಿ ಇಟ್ಟಳು.

"ತಿನ್ನಪ್ಪಾ. ದೂರದಿಂದ ಬಂದೀಯ."

ತಿಂದೆ.